ನಿಘಂಟಿನ ಪ್ರಯೋಗಗಳು : ಒಂದು ವಿಚಾರ

ಪದದ ಅರ್ಥವನ್ನು ಹೇಳುವುದು ನಿಘಂಟಿನ ಕಾರ್ಯ. ಆ ಅರ್ಥಕ್ಕೆ ಸಾಕ್ಷಿ ನುಡಿಯುವುದು ಪ್ರಯೋಗದ ಕಾರ್ಯ. ಪ್ರಾಚೀನ ಗ್ರಂಥದಿಂದ ಎತ್ತಿಕೊಂಡ ಒಂದು ಸಾಲು ನಿಘಂಟಿನ ಪುಟದಲ್ಲಿ ನಿಲ್ಲುವುದು ಅಲಂಕಾರಕ್ಕಾಗಿ ಅಲ್ಲ. 'ಈ ಮಾತು ಈ ಅರ್ಥದಲ್ಲಿ ಈ ಕಾಲದಲ್ಲಿ ಬಳಕೆಯಲ್ಲಿತ್ತು' ಎಂದು ಅದು ಪ್ರಮಾಣ ಮಾಡಿ ಹೇಳುತ್ತದೆ. ಸಾಕ್ಷಿಯ ಬಾಯಲ್ಲಿ ಬೇರೊಬ್ಬರ ಮಾತನ್ನು ತುರುಕಿದರೆ ತೀರ್ಪು ಏನಾದೀತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದು ನಿಘಂಟುಗಳು ಕಾಗದವನ್ನು ಬಿಟ್ಟು ಅಂತರ್ಜಾಲಕ್ಕೆ ಏರಿರುವ ಸಂದರ್ಭದಲ್ಲಿ ಈ ಸಾಕ್ಷಿಗಳನ್ನು ಹೇಗೆ ನಿಲ್ಲಿಸಬೇಕು ಎಂಬ ವಿಷಯವಾಗಿ ನನಗೆ ತೋರಿದ ಕೆಲವು ಮಾತುಗಳನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡಲು ಬಯಸುತ್ತೇನೆ.

ಈ ವಿಚಾರಕ್ಕೆ ಕಾರಣನಾದವನು ನಮ್ಮ ಪ್ರಸಾದ ನಿಲಯದ ಒಬ್ಬ ಬಾಲಕ. ನಿವೃತ್ತನಾದ ಮೇಲೂ ಸಂಜೆಯ ಹೊತ್ತು ನಿಲಯದ ಮಕ್ಕಳಿಗೆ ಹಳಗನ್ನಡವನ್ನು ಓದಿಸುವ ರೂಢಿಯನ್ನು ನಾನು ಬಿಟ್ಟಿಲ್ಲ. ಕಳೆದ ವರ್ಷ ಒಂದು ಸಂಜೆ ಅವನು ಮೊಬೈಲ್ ಫೋನನ್ನು ಹಿಡಿದು ಬಂದು, 'ಬಾಳ್' ಎಂಬ ಪದದ ಪುಟವನ್ನು ತೆರೆದು ತೋರಿಸಿದನು. ಅರ್ಥ 'ಬದುಕು' ಎಂದಿತ್ತು. ಅದರ ಕೆಳಗೆ, ವೀರನೊಬ್ಬನು ಒರೆಯಿಂದ ತನ್ನ ಬಾಳನ್ನು ಹಿರಿದನು ಎಂಬ ತಾತ್ಪರ್ಯದ ಒಂದು ಸಾಲನ್ನು ಉದಾಹರಿಸಿತ್ತು. "ಗುರುಗಳೆ, ಬದುಕನ್ನು ಒರೆಯೊಳಗೆ ಇಟ್ಟುಕೊಳ್ಳುವುದು ಹೇಗೆ?" ಎಂದು ಬಾಲಕನು ಕೇಳಿದನು. ಜೊತೆಯ ಮಕ್ಕಳು ನಕ್ಕರು, ನಾನೂ ನಕ್ಕೆನು. ಆದರೆ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದಾಗಿರಲಿಲ್ಲ.

ನಡೆದ ಪ್ರಮಾದ ಇಷ್ಟೆ. ಹಳಗನ್ನಡದಲ್ಲಿ 'ಬದುಕು' ಎಂಬ ಅರ್ಥದ ಪದ 'ಬಾೞ್'. 'ಖಡ್ಗ' ಎಂಬ ಅರ್ಥದ ಪದ 'ಬಾಳ್'. ಒಂದರಲ್ಲಿರುವುದು ೞಕಾರ, ಇನ್ನೊಂದರಲ್ಲಿರುವುದು ಳಕಾರ. ಈ ನಿಘಂಟನ್ನು ಸಿದ್ಧಪಡಿಸಿದವರು, ಇಂದಿನವರಿಗೆ ೞಕಾರವು ಅಪರಿಚಿತವೆಂದು ಬಗೆದು, ಪ್ರಯೋಗಗಳಲ್ಲೆಲ್ಲ ಅದನ್ನು ಅಳಿಸಿ ಳಕಾರವನ್ನು ಬರೆದಿದ್ದರು. ಎರಡು ಮನೆಗಳ ನಡುವಣ ಗೋಡೆ ಬಿದ್ದಮೇಲೆ ಈ ಮನೆಯ ಕತ್ತಿ ಆ ಮನೆಯ ಸಾಮಾನುಗಳ ನಡುವೆ ಸೇರಿಹೋಯಿತು. ಮರುದಿನ ಗ್ರಂಥಭಂಡಾರದಿಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತರಿಸಿ ಎರಡು ಪದಗಳನ್ನೂ ಅವನಿಗೆ ತೋರಿಸಿದೆನು. ಅವನಿಗೆ ಸಂತೋಷವಾಯಿತು. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. "ಹಾಗಾದರೆ ಆ ಸಾಲು ಯಾವ ಕವಿಯದು?" ಎಂದನು. ಸಾಲಿನ ಕೆಳಗೆ 'ಹಳಗನ್ನಡ ಕಾವ್ಯ' ಎಂದು ಮಾತ್ರ ಬರೆದಿತ್ತು. ನಾಲ್ಕಾರು ಕಾವ್ಯಗಳನ್ನು ತಿರುವಿದೆವು, ಸಾಲು ಸಿಕ್ಕಲಿಲ್ಲ. ಅಕ್ಷರದ ತಪ್ಪನ್ನು ತಿದ್ದಬಹುದಾಗಿತ್ತು, ತಿದ್ದಿಕೊಂಡೆವು. ಆಕರವಿಲ್ಲದ ತಪ್ಪನ್ನು ತಿದ್ದಲು ನಮಗೆ ದಾರಿಯೇ ಇರಲಿಲ್ಲ.

ಆಕರವನ್ನು ಹೇಳದೆ ಉದಾಹರಿಸುವುದರಿಂದ ಆಗುವ ನಷ್ಟವು ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ವೆಂಬ ಸಂಕಲನವನ್ನು ರಚಿಸಿ ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳ ಕ್ರಮದಲ್ಲಿ ಜೋಡಿಸಿದನು. ಅವನ ಮಗ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸೂತ್ರಸೂತ್ರಕ್ಕೂ ಪ್ರಯೋಗಗಳನ್ನು ಕೊಟ್ಟನು. ಈ ತಂದೆಮಕ್ಕಳ ಉಪಕಾರವನ್ನು ಕನ್ನಡಿಗರು ಎಂದೂ ಮರೆಯಲಾಗದು. ಆದರೂ ಪದ್ಯಪದ್ಯಕ್ಕೂ ಕವಿಯ ಹೆಸರನ್ನು, ಕಾವ್ಯದ ಹೆಸರನ್ನು ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಅಂದಿನ ಓದುಗನಿಗೆ ಆ ಕಾವ್ಯಗಳು ಕಂಠಸ್ಥವಾಗಿದ್ದುವು. ಹೆಸರು ಹೇಳುವುದು ಅನಾವಶ್ಯಕವೆಂದು ತೋರಿರಬಹುದು. ಮುಂದೆ ಮೂಲಗ್ರಂಥಗಳೇ ನಷ್ಟವಾದುವು. ಮೊದಲನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ಇಂದು ಉಳಿದಿರುವುದು ಇಂತಹ ಉದಾಹೃತ ಪದ್ಯಗಳ ಮೂಲಕವಾಗಿಯೇ. ಅವುಗಳಲ್ಲಿ ಯಾವುದು ಯಾರದೆಂದು ನಿರ್ಣಯಿಸಲು ವಿದ್ವಾಂಸರು ತಲೆಮಾರುಗಳ ಶ್ರಮವನ್ನು ವೆಚ್ಚಮಾಡಬೇಕಾಯಿತು. ಹಲವು ಪದ್ಯಗಳು ಇಂದಿಗೂ ತಂದೆತಾಯಿಗಳ ಹೆಸರಿಲ್ಲದ ಮಕ್ಕಳಂತೆ ನಿಂತಿವೆ. ವಿಧಿಯ ವಿಲಾಸವನ್ನು ನೋಡಿರಿ: ಕೇಶಿರಾಜನು ತಾನು ಬರೆದೆನೆಂದು ಹೇಳಿಕೊಂಡ ಕಾವ್ಯಗಳು ಕೂಡ ನಮಗೆ ದೊರೆತಿಲ್ಲ. ಎರಡು ಅಕ್ಷರಗಳ ಒಂದು ಸಂಕೇತವನ್ನು ಪದ್ಯದ ಕೆಳಗೆ ಬರೆದಿದ್ದರೆ ಎಷ್ಟು ಕವಿಗಳು ತಮ್ಮ ಪದ್ಯಗಳೊಡನೆ ಉಳಿಯುತ್ತಿದ್ದರು!

ಪಾಶ್ಚಾತ್ಯರೂ ಈ ಪಾಠವನ್ನು ಮೆಲ್ಲಮೆಲ್ಲನೆ ಕಲಿತವರೇ. 1755ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ಇಂಗ್ಲಿಷ್ ನಿಘಂಟಿನಲ್ಲಿ ಲಕ್ಷಕ್ಕೂ ಮಿಕ್ಕು ಉದ್ಧರಣೆಗಳಿದ್ದುವು. ಗ್ರಂಥ ಬೆಳೆದುಹೋಗುವ ಭಯದಿಂದ ಅವನು ಅವನ್ನು ಕತ್ತರಿಸಿದನು. ಹಾಗೆ ಕತ್ತರಿಸುವಾಗ ಮೂಲದ ಅಭಿಪ್ರಾಯವೇ ಬದಲಾಗಿರಬಹುದೆಂದು ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡನು. ಕಾಲವನ್ನು ನಮೂದಿಸುವ ಪದ್ಧತಿಯನ್ನು ಅವನು ಇಟ್ಟುಕೊಳ್ಳಲಿಲ್ಲ. ಮುಂದಿನ ಶತಮಾನದಲ್ಲಿ ಜೇಮ್ಸ್ ಮರ್ರೆಯವರ ಸಂಪಾದಕತ್ವದಲ್ಲಿ ಹೊರಟ ಆಕ್ಸ್‌ಫರ್ಡ್ ನಿಘಂಟು ಈ ಕೊರತೆಯನ್ನು ತುಂಬಿತು. ಅದರ ಮೊದಲನೆಯ ಸಂಚಿಕೆ 1884ರಲ್ಲಿ ಹೊರಬಂದಿತು. ಕಾರ್ಯ ಮುಗಿದುದು 1928ರಲ್ಲಿ. ಮರ್ರೆಯವರು ಅದನ್ನು ನೋಡಲಿಲ್ಲ, 1915ರಲ್ಲಿಯೇ ತೀರಿಕೊಂಡಿದ್ದರು. ಸುಮಾರು 18 ಲಕ್ಷ ಉದ್ಧರಣೆಗಳು ಅಲ್ಲಿ ಕಾಲಾನುಕ್ರಮದಲ್ಲಿ ನಿಂತಿವೆ. ಒಂದೊಂದಕ್ಕೂ ಇಸವಿ, ಕರ್ತೃ, ಗ್ರಂಥ, ಅಧ್ಯಾಯ ಅಥವಾ ಪುಟ ಇವುಗಳ ನಿರ್ದೇಶವುಂಟು. ಪ್ರಾಚೀನ ಕಾಗುಣಿತವನ್ನು ಹೊಸತಾಗಿ ತಿದ್ದಿಲ್ಲ. ಈ ಉದ್ಧರಣೆಗಳನ್ನು ಕಳುಹಿಸಿಕೊಟ್ಟವರಲ್ಲಿ ಬಹುಮಂದಿ ಸಂಬಳವಿಲ್ಲದ ಸಾಮಾನ್ಯ ಓದುಗರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಚೀಟಿಯ ಮೂಲೆಯಲ್ಲಿ ಪದ, ಅದರ ಕೆಳಗೆ ಇಸವಿ, ಕರ್ತೃ, ಗ್ರಂಥ, ಪುಟ, ಆಮೇಲೆ ವಾಕ್ಯ—ಇಷ್ಟೇ ಅವರಿಗೆ ಹಾಕಿಕೊಟ್ಟ ಕಟ್ಟಳೆ.

ಕನ್ನಡದಲ್ಲಿ ಈ ಶಿಸ್ತಿಗೆ ದೃಢವಾದ ಬುನಾದಿಯನ್ನು ಹಾಕಿದವರು ರೆವರೆಂಡ್ ಕಿಟ್ಟೆಲ್ಲರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಆಕರಗಳನ್ನು ಸಂಕೇತಾಕ್ಷರಗಳಿಂದ ಸೂಚಿಸಿದೆ. ಱಕಾರ ೞಕಾರಗಳ ಭೇದವನ್ನು ಕಾಪಾಡಿದೆ. 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಪೂರ್ಣಗೊಂಡ ಪರಿಷತ್ತಿನ ನಿಘಂಟು ಶಾಸನ, ಕಾವ್ಯ, ವಚನಗಳ ಪ್ರಯೋಗಗಳನ್ನು ಆಕರಸಹಿತವಾಗಿ ಕೊಟ್ಟು ಈ ಮಾರ್ಗವನ್ನು ವಿಸ್ತರಿಸಿತು. ಕಾಗದದ ಮೇಲೆ ಇಷ್ಟು ಸಾಧಿಸಿದ ನಾವು, ಜಾಗದ ಕೊರತೆಯೇ ಇಲ್ಲದ ಅಂತರ್ಜಾಲದಲ್ಲಿ ಹಿಂದಕ್ಕೆ ನಡೆಯುವುದು ನ್ಯಾಯವೆ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅಕ್ಷರಗಳನ್ನು ಇದ್ದಂತೆಯೇ ಬರೆಯಬೇಕು. 'ಕೆಱೆ' ಎಂದರೆ ನೀರಿನ ಕೆರೆ. 'ಕೆರೆ' ಎಂದರೆ ಉಗುರಿನಿಂದ ಕೆರೆಯುವುದು. 'ಪಾಲ್' ಎಂದಿರುವುದನ್ನು 'ಹಾಲ್' ಎಂದು ಬರೆದರೆ ಪಕಾರವು ಹಕಾರವಾದ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ. ಶಾಸನದಲ್ಲಿ 'ಧರ್ಮ್ಮ' ಎಂದು ಮಕಾರವು ಇಮ್ಮಡಿಸಿದ್ದರೆ ಅದು ಹಾಗೆಯೇ ಇರತಕ್ಕದ್ದು. 'ಓದುಗರು ಹುಡುಕುವಾಗ ಇಂದಿನ ಕಾಗುಣಿತದಲ್ಲಿ ಹುಡುಕುತ್ತಾರಲ್ಲ' ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆ ಸರಿಯೆ, ಪರಿಹಾರವೂ ಸುಲಭವೆ. ಕಣ್ಣಿಗೆ ಕಾಣುವ ಪಾಠವೊಂದು, ಯಂತ್ರವು ಹುಡುಕಲು ಒಳಗೆ ಇರಿಸಿಕೊಂಡ ಪಾಠ ಇನ್ನೊಂದು ಎಂದು ಎರಡನ್ನು ಇಡುವುದು ಇಂದು ಕಷ್ಟವಲ್ಲ. ಯೂನಿಕೋಡ್ ಲಿಪಿವ್ಯವಸ್ಥೆಯಲ್ಲಿ ಱಕಾರಕ್ಕೂ ೞಕಾರಕ್ಕೂ ಸ್ಥಾನವಿದೆ. ಅಚ್ಚಿನ ಮೊಳೆಗಳಿಲ್ಲವೆಂಬ ಹಳೆಯ ನೆಪಕ್ಕೆ ಈಗ ಎಡೆಯಿಲ್ಲ.

ಎರಡನೆಯದಾಗಿ, ಆಕರವನ್ನು ಮತ್ತೊಬ್ಬನು ಹೋಗಿ ನೋಡುವಂತೆ ಹೇಳಬೇಕು. ಕಾವ್ಯವಾದರೆ ಆಶ್ವಾಸ ಮತ್ತು ಪದ್ಯದ ಸಂಖ್ಯೆ, ಷಟ್ಪದಿಯಾದರೆ ಸಂಧಿ ಮತ್ತು ಪದ್ಯದ ಸಂಖ್ಯೆ, ಶಾಸನವಾದರೆ ಸಂಪುಟ, ಶಾಸನದ ಸಂಖ್ಯೆ, ಪಂಕ್ತಿ. ಪುಟದ ಸಂಖ್ಯೆಯೊಂದನ್ನೇ ನೆಚ್ಚಿದರೆ ಮುದ್ರಣ ಬದಲಾದಂತೆ ಅದೂ ಬದಲಾಗುತ್ತದೆ. ಯಾವ ಪರಿಷ್ಕರಣದಿಂದ ಪಾಠವನ್ನು ತೆಗೆದುಕೊಂಡಿದೆ ಎಂಬುದೂ ಅಗತ್ಯ. ಒಂದೇ ಪದ್ಯಕ್ಕೆ ಇಬ್ಬರು ಸಂಪಾದಕರು ಎರಡು ಪಾಠಗಳನ್ನು ಒಪ್ಪಿಕೊಂಡಿರುವುದು ಅಪೂರ್ವವೇನೂ ಅಲ್ಲ.

ಮೂರನೆಯದು ಕಾಲನಿರ್ದೇಶ. ಇದು ನಮ್ಮ ವಚನಗಳಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ. ಬಸವಾದಿ ಶರಣರು ನುಡಿದುದು ಹನ್ನೆರಡನೆಯ ಶತಮಾನದಲ್ಲಿ. ಆದರೆ ನಮ್ಮ ಕೈಗೆ ಬಂದಿರುವ ಓಲೆಗರಿಗಳು ಪ್ರಾಯಿಕವಾಗಿ ಹದಿನೈದನೆಯ ಶತಮಾನದ ಮತ್ತು ಅದರ ಈಚಿನವು. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬರುವಾಗ ನುಡಿಯ ರೂಪ ಕೊಂಚ ಕೊಂಚವಾಗಿ ಮಾರ್ಪಟ್ಟಿರುವುದು ಸಹಜ. ವಚನದ ಒಂದು ರೂಪವನ್ನು ತೆಗೆದುಕೊಂಡು 'ಇದು 1160ರ ಕನ್ನಡ' ಎಂದು ನಿಘಂಟು ಸಾರಿದರೆ ಅದು ಶ್ರದ್ಧೆಯ ಮಾತಾದೀತು, ಪ್ರಮಾಣದ ಮಾತಾಗಲಾರದು. ಮಧ್ಯಕಾಲದ ಇಂಗ್ಲಿಷಿಗೆ ಮಿಷಿಗನ್ ವಿಶ್ವವಿದ್ಯಾಲಯವು ಸಿದ್ಧಪಡಿಸಿದ ನಿಘಂಟಿನಲ್ಲಿ ಹಸ್ತಪ್ರತಿಯ ಕಾಲವನ್ನು ಮೊದಲು ಬರೆದು, ರಚನೆಯ ಕಾಲವನ್ನು ಕಂಸದಲ್ಲಿ ಬರೆಯುವ ಕ್ರಮವಿದೆ. ಹಾಗೆ ಎರಡನ್ನೂ ನಮೂದಿಸುವುದು ವಚನಕಾರರ ಗೌರವಕ್ಕೆ ಕುಂದಲ್ಲ. ಸತ್ಯವನ್ನೇ ನುಡಿಯೆಂದು ಕಲಿಸಿದವರ ಮಾತಿಗೆ ಸಾಕ್ಷಿ ಹೇಳುವಾಗ ಅಸತ್ಯದ ನೆರಳೂ ಸುಳಿಯಬಾರದು.

ನಾಲ್ಕನೆಯದಾಗಿ, ಪಂಕ್ತಿಗಳ ವಿಚಾರ. ನಮ್ಮ ವೃತ್ತ ಕಂದಗಳಲ್ಲಿಯೂ ಷಟ್ಪದಿಯಲ್ಲಿಯೂ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ನಿಲ್ಲುತ್ತದೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳು ಉಳಿದವುಗಳಿಗಿಂತ ಉದ್ದವಾಗಿರುತ್ತವೆ. ಇವೆಲ್ಲವನ್ನೂ ಗದ್ಯದಂತೆ ಒಂದೇ ಎಳೆಯಾಗಿ ಬರೆದುಬಿಟ್ಟರೆ ಓದುಗನಿಗೆ ಪ್ರಾಸವೂ ಕಾಣದು, ಧಾಟಿಯೂ ಹತ್ತದು. ಪ್ರಾಸವು ಕಂಡರೆ ಎಷ್ಟೋ ಸಲ ಪಾಠದೋಷವೂ ತಾನಾಗಿ ಕಾಣುತ್ತದೆ. ಱಕಾರವಿರಬೇಕಾದಲ್ಲಿ ರಕಾರ ಬಿದ್ದುದನ್ನು ಪ್ರಾಸಸ್ಥಾನವೇ ಕೂಗಿ ಹೇಳುತ್ತದೆ. ಆದುದರಿಂದ ಪಾದಗಳನ್ನು ಬೇರೆಬೇರೆಯಾಗಿಯೇ ಬರೆಯಬೇಕು. ಸ್ಥಳವಿಲ್ಲದಿದ್ದರೆ ಪಾದಾಂತ್ಯದಲ್ಲಿ ಓರೆಗೆರೆಯನ್ನಾದರೂ ಇಡಬೇಕು. ವಚನಗಳ ಸ್ಥಿತಿ ಬೇರೆ. ಓಲೆಗರಿಯಲ್ಲಿ ಬರಹವು ಎಡೆಬಿಡದೆ ಸಾಗುತ್ತದೆ. ಇಂದು ಅಚ್ಚಿನಲ್ಲಿ ನಾವು ಕಾಣುವ ಸಾಲುಗಳು ಸಂಪಾದಕರು ಅರ್ಥವನ್ನೂ ಲಯವನ್ನೂ ನೋಡಿ ಮಾಡಿದ ವಿಭಾಗಗಳು. ಅಲ್ಲಿ ಯಾರ ಪರಿಷ್ಕರಣವನ್ನು ಉದಾಹರಿಸುವೆವೋ ಅವರ ವಿಭಾಗವನ್ನು ಅನುಸರಿಸುವುದು, ವಚನದ ಸಂಖ್ಯೆಯೊಂದಿಗೆ ಅಂಕಿತವನ್ನೂ ನಮೂದಿಸುವುದು ಉಚಿತ. ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾದರೂ ಅಂಕಿತವು ಕೈಬಿಡುವುದಿಲ್ಲ.

ಐದನೆಯ ವಿಷಯ ಕನ್ನಡಕ್ಕೇ ಸೇರಿದುದು. ಇಂಗ್ಲಿಷಿನ ಜಾಲನಿಘಂಟುಗಳಲ್ಲಿ ಉದ್ಧರಣೆಯೊಳಗಿನ ಮುಖ್ಯಪದವನ್ನು ದಪ್ಪ ಅಕ್ಷರದಲ್ಲಿ ತೋರಿಸುವ ಪದ್ಧತಿಯುಂಟು. ಅಲ್ಲಿ ಪದಪದದ ನಡುವೆ ಬಿಡುವಿರುವುದರಿಂದ ಇದು ಸುಲಭ. ನಮ್ಮಲ್ಲಿ ಸಂಧಿಯುಂಟು. 'ಕಂಬನಿ'ಯಲ್ಲಿರುವ 'ಪನಿ'ಯು 'ಬನಿ'ಯಾಗಿದೆ. 'ಬೆಟ್ಟದಾವರೆ'ಯಲ್ಲಿ 'ತಾವರೆ'ಯು 'ದಾವರೆ'ಯಾಗಿದೆ. 'ಮಾತಿಲ್ಲ' ಎಂಬಲ್ಲಿ 'ತಿ' ಎಂಬ ಒಂದೇ ಅಕ್ಷರದ ವ್ಯಂಜನವು ಹಿಂದಿನ ಪದದ್ದು, ಸ್ವರವು ಮುಂದಿನದು. ದಪ್ಪ ಅಕ್ಷರವನ್ನು ಎಲ್ಲಿಂದ ಎಲ್ಲಿಯವರೆಗೆ ಬರೆಯುವುದು? ಪರಭಾಷೆಯ ಅಂಗಿಯನ್ನು ತಂದು ತೊಡಿಸಲು ಹೋಗಿ ಕೆಲವರು ಸಂಧಿಯನ್ನೇ ಬಿಡಿಸಿ ಮೂಲವನ್ನು ಒಡೆದು ಬರೆಯುತ್ತಾರೆ. ಇದು ಸಲ್ಲದು. ಮೂಲವನ್ನು ಮೊದಲು ಇದ್ದಂತೆ ಕೊಟ್ಟು, ಅದರ ಕೆಳಗೆ ಪದಚ್ಛೇದ, ಅದರ ಕೆಳಗೆ ಹೊಸಗನ್ನಡದ ತಾತ್ಪರ್ಯ ಎಂದು ಮೂರು ಮೆಟ್ಟಿಲುಗಳನ್ನು ಕಟ್ಟಿದರೆ ಸಾಕು. ಒತ್ತಿ ತೋರಿಸಬೇಕಾದ ಪದವನ್ನು ಪದಚ್ಛೇದದಲ್ಲಿ ತೋರಿಸಬಹುದು. ಇದು ನಮ್ಮ ವ್ಯಾಖ್ಯಾನಕಾರರ ಹಳೆಯ ಮಾರ್ಗವೇ ಹೊರತು ಹೊಸ ಆವಿಷ್ಕಾರವಲ್ಲ.

ಕೊನೆಯದಾಗಿ, ನಡುವೆ ಬಿಟ್ಟುದನ್ನು ಬಿಟ್ಟೆನೆಂದೂ, ತಾನು ಸೇರಿಸಿದುದನ್ನು ಸೇರಿಸಿದೆನೆಂದೂ ಚಿಹ್ನೆಗಳಿಂದ ಒಪ್ಪಿಕೊಳ್ಳಬೇಕು. ಮೂರು ಚುಕ್ಕೆ, ಒಂದು ಚೌಕ ಕಂಸ—ಇವುಗಳ ವೆಚ್ಚವೇನು?

ಇಷ್ಟೊಂದು ಕಟ್ಟುಪಾಡುಗಳನ್ನು ವಿಧಿಸಿದರೆ ಸ್ವಯಂಸೇವೆಗೆ ಬಂದವರೂ ಓಡಿಹೋಗುವರು ಎಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಜನರಿಗೆ ಬೇಕಾದುದು ಅರ್ಥ, ಆಕರಗಳ ಜಂಜಾಟವಲ್ಲ ಎಂಬುದು ಅವರ ಅಭಿಪ್ರಾಯ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. 2002ರಲ್ಲಿ ಆರಂಭವಾದ ವಿಕ್ಷನರಿಯಂಥ ಮುಕ್ತ ನಿಘಂಟುಗಳು ಕನ್ನಡದಲ್ಲಿಯೂ ನಡೆಯುತ್ತಿರುವುದು ಬಿಡುವಿನ ವೇಳೆಯನ್ನು ದಾನಮಾಡುವವರಿಂದಲೇ. ಅಂಥವರನ್ನು ಬೆದರಿಸುವುದು ನನ್ನ ಉದ್ದೇಶವಲ್ಲ. ಪದಚ್ಛೇದವನ್ನು ಇಂದು ಒಬ್ಬರು ಬರೆಯಲಾಗದಿದ್ದರೆ ನಾಳೆ ಇನ್ನೊಬ್ಬರು ಬರೆಯಲಿ. ತಾತ್ಪರ್ಯವನ್ನು ಮತ್ತೊಬ್ಬರು ಸೇರಿಸಲಿ. ಕಾಗದದ ನಿಘಂಟಿಗೆ ಇಲ್ಲದ ಸೌಲಭ್ಯವೆಂದರೆ ಇದೇ. ಆದರೆ ಮೂರನ್ನು ಮಾತ್ರ ಮೊದಲ ದಿನವೇ ಮಾಡತಕ್ಕದ್ದು: ಅಕ್ಷರಗಳನ್ನು ತಿದ್ದದಿರುವುದು, ಆಕರವನ್ನು ಹೇಳುವುದು, ಬಿಟ್ಟುದನ್ನು ಮರೆಮಾಚದಿರುವುದು. ಇವು ತಪ್ಪಿದರೆ ಮುಂದೆ ಬರುವವನು ಸರಿಪಡಿಸಲಾರನು. ನಮ್ಮ ಬಾಲಕನಿಗೂ ನನಗೂ ಆದುದು ಇದೇ. ಆಕರವಿಲ್ಲದ ನೂರು ಪ್ರಯೋಗಗಳಿಗಿಂತ ಆಕರವುಳ್ಳ ಹತ್ತು ಪ್ರಯೋಗಗಳು ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಈ ಮಾತುಗಳನ್ನು ವಿದ್ವತ್ಪತ್ರಿಕೆಯೊಂದಕ್ಕೆ ಕಳುಹಿಸದೆ ಈ ಸಂಚಿಕೆಗೆ ಬರೆದುದಕ್ಕೆ ಕಾರಣವುಂಟು. ಈ ಕಾರ್ಯಕ್ಕೆ ಬೇಕಾದುದು ದೊಡ್ಡ ಪಾಂಡಿತ್ಯವಲ್ಲ. ಅಕ್ಷರಗಳನ್ನು ಗುರುತಿಸುವ ಕಣ್ಣು, ಪ್ರಾಮಾಣಿಕವಾದ ಕೈ, ಒಂದಷ್ಟು ಹಳೆಯ ಪುಸ್ತಕಗಳು. ಈ ಮೂರೂ ನಮ್ಮ ಸಂಸ್ಥೆಯಲ್ಲಿವೆ. ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯಲ್ಲಿದ್ದುಕೊಂಡು ಮನೆಮನೆಗೆ ಹೋಗಿ ಓಲೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅಷ್ಟು ತ್ಯಾಗವನ್ನು ಇಂದು ಯಾರೂ ಯಾರಿಂದಲೂ ಕೇಳುತ್ತಿಲ್ಲ. ಪ್ರೌಢಶಾಲೆಯ ಒಂದೊಂದು ತರಗತಿಯು ವರ್ಷಕ್ಕೊಂದು ಪ್ರಾಚೀನ ಗ್ರಂಥದಿಂದ ಐವತ್ತು ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು, ಅಧ್ಯಾಪಕರೊಬ್ಬರು ಮೂಲದೊಡನೆ ತಾಳೆನೋಡಿ ಜಾಲನಿಘಂಟಿಗೆ ಸೇರಿಸುವ ಏರ್ಪಾಡು ಆಗಲಿ. ದೂರದ ಊರುಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆಯನ್ನು ಇದಕ್ಕೆ ಮೀಸಲಿಡಲಿ. ದಾನಿಗಳು ಕಟ್ಟಡಕ್ಕೆ ಕೊಟ್ಟಂತೆಯೇ ಗ್ರಂಥಭಂಡಾರದ ಜೀರ್ಣ ಪುಸ್ತಕಗಳ ರಕ್ಷಣೆಗೂ ಕೊಡಲಿ. ಆಕರ ಗ್ರಂಥವೇ ಗೆದ್ದಲಿನ ಪಾಲಾದರೆ ಆಕರ ನಿರ್ದೇಶವು ಯಾರಿಗೆ ದಾರಿ ತೋರಿಸೀತು?

ಆ ಬಾಲಕನು ಈಗ ಮುಂದಿನ ತರಗತಿಗೆ ಹೋಗಿದ್ದಾನೆ. ಅವನ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಆ ಸಾಲನ್ನು ಬರೆದುಕೊಂಡು, ಅದರ ಕೆಳಗೆ 'ಕವಿ', 'ಕಾವ್ಯ', 'ಪದ್ಯ' ಎಂದು ಮೂರು ಖಾಲಿ ಜಾಗಗಳನ್ನು ಬಿಟ್ಟಿದ್ದಾನೆ. ಹೊಸ ಪುಸ್ತಕವೊಂದು ಕೈಗೆ ಬಂದಾಗಲೆಲ್ಲ ಆ ಸಾಲನ್ನು ಹುಡುಕುತ್ತಾನೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವ ಪ್ರಾಮಾಣಿಕತೆಯನ್ನೂ ಅದನ್ನು ತುಂಬಬೇಕೆಂಬ ಹಂಬಲವನ್ನೂ ಅವನಿಗೆ ಯಾರೂ ಪಾಠವಾಗಿ ಹೇಳಿಕೊಟ್ಟಿರಲಿಲ್ಲ. ನಿಘಂಟನ್ನು ಕಟ್ಟುವವರಿಂದ ನಾನು ಅಪೇಕ್ಷಿಸುವುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ.